ಮೊದಲು ಸಿಕ್ಕ ಪದ

ಮಾರುಕಟ್ಟೆ ಬೀದಿಯ ಔಷಧಿ ಅಂಗಡಿಯವನನ್ನು ಜನ ಡಿಕ್ಷನರಿ ಎಂದು ಕರೆಯಲು ಶುರುಮಾಡಿದ್ದು ತಮಾಷೆಗೆ. ಅವನು ಅದನ್ನು ಬಿರುದು ಎಂದುಕೊಂಡ. ಹಾಗೆಂದುಕೊಳ್ಳಲು ಅವನಿಗೆ ಕಾರಣವೂ ಇತ್ತು. ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಎರಡು ಸಲ ಇಂಗ್ಲಿಷಿನಲ್ಲೇ ಡುಮ್ಕಿ ಹೊಡೆದವನು ಅವನು. ಎರಡನೇ ಸಲ ಅವನ ಅಪ್ಪ, ಮನೆ ತುಂಬ ನೆಂಟರಿದ್ದಾಗ, ಅಂಕಪಟ್ಟಿಯನ್ನು ಗಟ್ಟಿಯಾಗಿ ಓದಿ ಹೇಳಿದ್ದರು. ಆಮೇಲೆ ಹೇಗೋ ಪಾಸಾಗಿ, ಔಷಧಿಯ ಕೋರ್ಸು ಮುಗಿಸಿ, ಅಂಗಡಿ ಇಟ್ಟು, ತಲೆಗೂದಲು ನರೆತರೂ ಆ ಓದು ಅವನ ಕಿವಿಯಿಂದ ಹೋಗಿರಲಿಲ್ಲ.

ಅವನ ಸೇಡು ತೀರುತ್ತಿದ್ದುದು ದಿನಪತ್ರಿಕೆಯ ಕೊನೆಯ ಪುಟದಲ್ಲಿ. ಅಲ್ಲಿ ಒಂದು ಮೂಲೆಯಲ್ಲಿ ದಿನವೂ ಮೂರು ಇಂಗ್ಲಿಷ್ ಅಕ್ಷರ ಅಚ್ಚಾಗುತ್ತಿದ್ದವು. ಆ ಮೂರೂ ಅದೇ ಸಾಲಿನಲ್ಲಿ, ನಡುವೆ ಇನ್ನೊಂದು ನುಗ್ಗದಂತೆ ಒಟ್ಟಿಗೆ ಬರುವ ಪದಗಳನ್ನು ಹುಡುಕಬೇಕು. ಪದದ ತಲೆಯಲ್ಲಿ ಬಂದರೂ ಸರಿ, ಹೊಟ್ಟೆಯಲ್ಲಿ ಬಂದರೂ ಸರಿ, ಬಾಲದಲ್ಲಿ ಬಂದರೂ ಸರಿ. ಹದಿನೈದು ಸಿಕ್ಕರೆ ಜಾಣ, ಇಪ್ಪತ್ತೈದು ಸಿಕ್ಕರೆ ಪಂಡಿತ ಎಂದು ಪತ್ರಿಕೆಯವರೇ ಕೆಳಗೆ ಬರೆಯುತ್ತಿದ್ದರು. ಡಿಕ್ಷನರಿ ಶಟರ್ ಎತ್ತಿ, ಕಸ ಗುಡಿಸಿ, ಮೊದಲ ಗಿರಾಕಿ ಬರುವುದರೊಳಗೆ ಪಂಡಿತನಾಗಿಬಿಡುತ್ತಿದ್ದ. ಹುಡುಕಿದ ಪದಗಳಲ್ಲಿ ಅರ್ಧವನ್ನು ಅವನು ಉಚ್ಚರಿಸುತ್ತಿದ್ದುದು ತಪ್ಪು; ಮುಕ್ಕಾಲು ಪಾಲಿಗೆ ಅರ್ಥವೂ ಗೊತ್ತಿರಲಿಲ್ಲ. ಅಕ್ಷರ ಮಾತ್ರ ಒಂದೂ ತಪ್ಪುತ್ತಿರಲಿಲ್ಲ.

ಪಕ್ಕದ ಕ್ಷೌರದಂಗಡಿಯವನಿಗೆ ಪಟ್ಟಿ ತೋರಿಸದೆ ಅವನ ದಿನ ಶುರುವಾಗುತ್ತಿರಲಿಲ್ಲ. ಕ್ಷೌರದವನು ನಾಲ್ಕು ಪದ ಹೇಳಿ ಕೈಚೆಲ್ಲಿದರೆ ಡಿಕ್ಷನರಿ ಪಾಠ ಶುರುಮಾಡುತ್ತಿದ್ದ. ಮೊದಲು ಸಿಕ್ಕ ಪದಕ್ಕೆ ಖುಷಿಪಟ್ಟು ಕೂರುವವನು ಈ ಆಟಕ್ಕೆ ಬರಲೇಬಾರದು, ಒಂದು ಸಿಕ್ಕಿತು ಎಂದರೆ ಅದರ ಹಿಂದೆ ಇನ್ನೂ ಹತ್ತು ಅಡಗಿವೆ ಎಂದು ತಿಳಿಯಬೇಕು ಅನ್ನುತ್ತಿದ್ದ. ಮಾತು ಸರಿಯಾಗಿಯೇ ಇತ್ತು. ಬೇರೆಯವರಿಗೆ ಹೇಳುವ ಮಾತುಗಳೆಲ್ಲ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ.

ಅಂಗಡಿ ಕೆಲಸದಲ್ಲಿ ಅವನ ಕೈಗೆ ಅಂಟಿದ ಇನ್ನೊಂದು ಅಭ್ಯಾಸವನ್ನೂ ಹೇಳಬೇಕು. ಅದು ಅವನೊಬ್ಬನದಲ್ಲ, ಆ ಕಸುಬಿನ ಎಲ್ಲರದೂ ಹೌದು. ಹತ್ತು ಮಾತ್ರೆಯ ಪಟ್ಟಿಯಲ್ಲಿ ಐದು ಸಾಕು ಎಂದು ಗಿರಾಕಿ ಕೇಳಿದರೆ ಪಟ್ಟಿಯನ್ನು ಬಾಲದ ಕಡೆಯಿಂದ ಕತ್ತರಿಸಿ ಕೊಡುತ್ತಾರೆ. ಬ್ಯಾಚಿನ ನಂಬರು, ತಯಾರಾದ ದಿನ, ಅವಧಿ ಮುಗಿಯುವ ದಿನ ಎಲ್ಲವೂ ಇರುವುದು ತಲೆಯ ಕಡೆ. ಅದು ಹೋಯಿತೆಂದರೆ ಉಳಿದ ಮಾತ್ರೆಗಳನ್ನು ಮಾರುವ ಹಾಗಿಲ್ಲ, ಕಂಪನಿಗೆ ಹಿಂದಿರುಗಿಸುವ ಹಾಗೂ ಇಲ್ಲ. ಹೀಗಾಗಿ ಅಂಗಡಿಗೆ ತಲೆ, ಗಿರಾಕಿಗೆ ಬಾಲ. ಬಾಲದ ತುಂಡಿನಲ್ಲಿ ಹೆಸರಿನ ಚೂರೋ ಪಾರೋ ಬಂದಿದ್ದರೆ ಅದು ಗಿರಾಕಿಯ ಪುಣ್ಯ. ಇಷ್ಟು ವರ್ಷದಲ್ಲಿ ಅದರಿಂದ ಯಾರಿಗೂ ಏನೂ ಆಗಿರಲಿಲ್ಲ, ಆದ್ದರಿಂದ ಅದು ತಪ್ಪು ಎಂದು ಯಾರಿಗೂ ಹೊಳೆದಿರಲಿಲ್ಲ.

ಆ ದಿನ ಬೆಳಿಗ್ಗೆ ಹನ್ನೊಂದೂವರೆಯ ಹೊತ್ತಿಗೆ ಎದುರಿನ ಕ್ಲಿನಿಕ್ಕಿನ ನರ್ಸ್ ರಸ್ತೆ ದಾಟಿ ಓಡಿ ಬಂದಳು. ಬೀಗ ರಿಪೇರಿಯವನ ಎರಡೂವರೆ ವರ್ಷದ ಮಗ ಅಜ್ಜಿಯ ಮಾತ್ರೆ ನುಂಗಿದ್ದಾನೆ, ಯಾವ ಮಾತ್ರೆಯೋ ಗೊತ್ತಿಲ್ಲ, ಡಾಕ್ಟರಮ್ಮ ಕರೆಯುತ್ತಿದ್ದಾರೆ, ನೀವು ಈಗಲೇ ಬರಬೇಕಂತೆ ಅಂದಳು. ಡಿಕ್ಷನರಿ ಗಲ್ಲಾ ಪೆಟ್ಟಿಗೆಗೆ ಬೀಗವನ್ನೂ ಹಾಕದೆ ಎದ್ದ. ಬೀಗ ರಿಪೇರಿಯವನ ಅಮ್ಮ ಅವನ ಹಳೆಯ ಗಿರಾಕಿ. ಹಿಂದಿನ ಸಂಜೆ ತಾನೇ ಬಂದು ಎರಡು ಬಗೆಯ ಮಾತ್ರೆ ಐದೈದು ಒಯ್ದಿದ್ದಳು. ಕತ್ತರಿಸಿ ಕೊಟ್ಟಿದ್ದು ಅವನೇ.

ಕ್ಲಿನಿಕ್ಕಿನ ಒಳಗೆ ಮಗು ಅಪ್ಪನ ಹೆಗಲ ಮೇಲೆ ಕಿರುಚಿ ಅಳುತ್ತಿತ್ತು. ಮೂರು ತಿಂಗಳ ಬಸುರಿಯಾದ ತಾಯಿ ಗೋಡೆಗೆ ಒರಗಿ ನಿಂತಿದ್ದಳು, ಮುಖದಲ್ಲಿ ರಕ್ತವಿರಲಿಲ್ಲ. ಅಜ್ಜಿ ಬಾಗಿಲ ಹತ್ತಿರ, ಒಳಗೂ ಅಲ್ಲದ ಹೊರಗೂ ಅಲ್ಲದ ಜಾಗದಲ್ಲಿ. ಅಂದು ತಿಂಡಿ ತಡವಾಗಿ, ಆಗಷ್ಟೇ ಮಾತ್ರೆಯ ಡಬ್ಬಿ ತೆರೆದಿಟ್ಟು ನೀರು ತರಲು ಒಳಗೆ ಹೋಗಿದ್ದಳಂತೆ. ಬಂದು ನೋಡುವಷ್ಟರಲ್ಲಿ ಮಗು ಹಾಳೆಯನ್ನು ಜಗಿಯುತ್ತಿತ್ತು. ಬಾಯೊಳಗೆ ಬೆರಳು ಹಾಕಿ ತೆಗೆದಾಗ ಸಿಕ್ಕಿದ್ದು ಉಗುರಗಲದ ಬೆಳ್ಳಿ ಹಾಳೆಯ ಮುದ್ದೆ ಮಾತ್ರ. ಎಷ್ಟು ನುಂಗಿತೋ ಲೆಕ್ಕವಿಲ್ಲ.

ಡಾಕ್ಟರಮ್ಮ ಆ ಮುದ್ದೆಯನ್ನು ಟ್ರೇ ಮೇಲೆ ಬಿಡಿಸಿ ಇಟ್ಟಿದ್ದರು. ಅಜ್ಜಿಯ ಚಿಕಿತ್ಸೆ ದೊಡ್ಡಾಸ್ಪತ್ರೆಯಲ್ಲಿ, ಅವಳ ಮಾತ್ರೆಗಳು ಇವರಿಗೆ ಗೊತ್ತಿರಲಿಲ್ಲ. ಮನೆಗೆ ಹೋಗಿ ಡಬ್ಬಿಯನ್ನೇ ತೆಗೆದುಕೊಂಡು ಬಾ ಎಂದು ಅವರು ಬೀಗದವನಿಗೆ ಹೇಳಿದ್ದರು. ಅವನು ಮಗುವನ್ನು ಹೆಂಡತಿಯ ಕೈಗೆ ಕೊಟ್ಟು ಹೊರಡಲು ಸಿದ್ಧನಾಗಿದ್ದ. ಅಷ್ಟರಲ್ಲಿ ಡಿಕ್ಷನರಿ ಕನ್ನಡಕ ಏರಿಸಿ ಟ್ರೇ ಮೇಲೆ ಬಾಗಿದ.

ಹಾಳೆಯ ಮೇಲೆ ಮೂರೇ ಅಕ್ಷರ ಉಳಿದಿದ್ದವು. ಪಿ, ಐ, ಆರ್. ಎರಡೂ ಬದಿ ಹರಿದು ಹೋಗಿತ್ತು.

ದಿನವೂ ಬೆಳಿಗ್ಗೆ ಆಗುವಂತೆ ಅವನ ತಲೆಯೊಳಗೆ ಏನೋ ಚಿಟಿಕೆ ಹೊಡೆದಂತಾಯಿತು. ಅಜ್ಜಿಗೆ ಹೃದಯಕ್ಕೆಂದು ಕೊಟ್ಟಿದ್ದ ಮಾತ್ರೆಯ ಹೆಸರು ಅಕ್ಷರ ಅಕ್ಷರವಾಗಿ ಕಣ್ಣೆದುರು ನಿಂತಿತು. ಆಸ್ಪಿರಿನ್. ಅದರ ಹೊಟ್ಟೆಯಲ್ಲಿ ಪಿ, ಐ, ಆರ್ ಸಾಲಾಗಿ ಕೂತಿದ್ದವು. ‘ಆಸ್ಪಿರಿನ್ ಡಾಕ್ಟ್ರೇ. ಚಿಕ್ಕ ಡೋಸು. ನಾನೇ ಕೊಟ್ಟಿದ್ದು, ಐದೇ ಐದು,’ ಅಂದ.

ಆಗ ಬಾಗಿಲ ಕಡೆಯಿಂದ ಅಜ್ಜಿ ಒಂದು ಹೆಜ್ಜೆ ಮುಂದೆ ಬಂದು ಅವನ ತೋಳು ಮುಟ್ಟಿದಳು. ಮಗುವಿನ ಅಳುವಿನಲ್ಲಿ ಅವಳ ದನಿ ಅವನೊಬ್ಬನಿಗೆ ಮಾತ್ರ ಕೇಳುವಷ್ಟಿತ್ತು.

‘ಚಿಕ್ಕದು ಅನ್ಸುತ್ತಪ್ಪ. ಬೆಳಗ್ಗೆ ತಗೊಳ್ಳೋದು.’

‘ಅಜ್ಜಿ, ನೀವು ಗೊಂದಲ ಮಾಡ್ಬೇಡಿ. ಅಕ್ಷರ ಇಲ್ಲೇ ಇದೆಯಲ್ಲ, ನೋಡಿ,’ ಎಂದು ಡಿಕ್ಷನರಿ ಆ ಹಾಳೆಯನ್ನು ಅವಳ ಮುಖದ ಹತ್ತಿರ ಹಿಡಿದ. ಅಜ್ಜಿಗೆ ಯಾವ ಭಾಷೆಯ ಅಕ್ಷರವೂ ಬರುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಅವಳು ಹಾಳೆಯನ್ನು ನೋಡಿದಳು, ಅವನನ್ನು ನೋಡಿದಳು, ಕೈ ಹಿಂದಕ್ಕೆ ತೆಗೆದುಕೊಂಡಳು.

ಹದಿನೈದು ವರ್ಷದಿಂದ ತಮ್ಮ ಕೋಳಿಕಾಲು ಅಕ್ಷರವನ್ನು ತಪ್ಪಿಲ್ಲದೆ ಓದುತ್ತಿದ್ದ ಮನುಷ್ಯನ ಮಾತನ್ನು ಡಾಕ್ಟರಮ್ಮ ನಂಬಿದರು. ಆ ಡೋಸಿನ ಆಸ್ಪಿರಿನ್ ಐದನ್ನೂ ನುಂಗಿದ್ದರೂ ಗಾಬರಿಪಡುವಂಥದ್ದೇನಿಲ್ಲ ಅಂದರು. ವಾಂತಿಯಾದರೆ ಕರೆದುಕೊಂಡು ಬನ್ನಿ, ನೀರು ಚೆನ್ನಾಗಿ ಕುಡಿಸಿ ಎಂದು ಹೇಳಿ ಅರ್ಧ ಗಂಟೆ ಕೂರಿಸಿಕೊಂಡು ಕಳಿಸಿಕೊಟ್ಟರು. ಡಬ್ಬಿ ತರುವ ಮಾತು ಅಲ್ಲಿಗೇ ನಿಂತಿತು. ಬೀಗದವನು ಹೊರಗೆ ಬಂದು ಡಿಕ್ಷನರಿಯ ಎರಡೂ ಕೈ ಹಿಡಿದುಕೊಂಡು, ನೀವು ಇಲ್ಲದಿದ್ದರೆ ನಮ್ಮ ಜೀವವೇ ಹೋಗುತ್ತಿತ್ತು ಅಂದ. ಅವನ ಹೆಂಡತಿ ಅತ್ತೆಯ ಕಡೆ ತಿರುಗಿಯೂ ನೋಡದೆ ಮಗುವನ್ನು ಎತ್ತಿಕೊಂಡು ಮುಂದೆ ನಡೆದಳು.

ಡಿಕ್ಷನರಿ ಅಂಗಡಿಗೆ ವಾಪಸ್ಸಾದಾಗ ಅವನಿಗೆ ನೆಲ ಕಾಣುತ್ತಿರಲಿಲ್ಲ. ಸುದ್ದಿ ಅವನಿಗಿಂತ ಮೊದಲೇ ರಸ್ತೆ ದಾಟಿತ್ತು. ಕಾಯುತ್ತಿದ್ದ ನಾಲ್ಕು ಗಿರಾಕಿಗಳೂ ಅರ್ಧ ಕ್ಷೌರ ಬಿಟ್ಟು ಬಂದಿದ್ದ ಕ್ಷೌರದವನೂ ಮೊದಲಿನಿಂದ ಹೇಳು ಎಂದು ಪಟ್ಟು ಹಿಡಿದರು. ಅವನು ಹೇಳಿದ. ಎರಡನೇ ಸಲ ಹೇಳುವಾಗ ಹಾಳೆ ಉಗುರಗಲದಿಂದ ಸಾಸಿವೆ ಕಾಳಿಗೆ ಇಳಿದಿತ್ತು, ಡಾಕ್ಟರಮ್ಮ ಕೈಚೆಲ್ಲಿ ಕೂತಿದ್ದರು. ಅಜ್ಜಿ ತೋಳು ಮುಟ್ಟಿದ್ದು ಎರಡು ಸಲವೂ ಕತೆಯೊಳಗೆ ಬರಲಿಲ್ಲ.

ಒಂದೂಕಾಲರ ಹೊತ್ತಿಗೆ ಗಿರಾಕಿಗಳು ಕರಗಿದರು. ಕ್ಷೌರದವನು ಮಾತ್ರ ಸ್ಟೂಲಿನ ಮೇಲೆ ಕೂತಿದ್ದ. ಅದು ಥೇಟ್ ಪತ್ರಿಕೆಯ ಆಟದ ಹಾಗೇ ಆಯಿತಲ್ಲ ಮಾರಾಯ, ಆ ಮೂರು ಅಕ್ಷರಕ್ಕೆ ಬೇರೆ ಎಷ್ಟು ಪದ ಸಿಗುತ್ತವೆ ಹೇಳು ನೋಡೋಣ ಎಂದು ಅವನು ಸುಮ್ಮನೆ ಕೆಣಕಿದ. ಡಿಕ್ಷನರಿಗೆ ಅಷ್ಟು ಸಾಕಿತ್ತು. ಹಳೆಯ ಬಿಲ್ಲಿನ ಬೆನ್ನಿನ ಮೇಲೆ ಬರೆಯುತ್ತ ಹೋದ. ಸ್ಪಿರಿಟ್. ಅಂಪೈರ್. ಎಂಪೈರ್. ಪೈರೇಟ್. ಸ್ಪೈರಲ್. ಇನ್‌ಸ್ಪೈರ್. ವ್ಯಾಂಪೈರ್. ಎಕ್ಸ್‌ಪೈರಿ.

ಎಂಟನೆಯ ಪದ ಬರೆದ ಮೇಲೆ ಪೆನ್ನು ನಿಂತಿತು.

ಎಕ್ಸ್‌ಪೈರಿ. ಅವಧಿ ಮುಗಿಯುವ ದಿನ. ಅವನ ಬೆನ್ನ ಹಿಂದೆ ನೆಲದಿಂದ ಮಾಡಿನವರೆಗೆ ಇದ್ದ ಪ್ರತಿಯೊಂದು ಪಟ್ಟಿಯ ಮೇಲೂ ಆ ಪದ ಅಚ್ಚಾಗಿತ್ತು. ಹಾಗಾದರೆ ಆ ಚೂರು ಯಾವ ಮಾತ್ರೆಯದ್ದಾದರೂ ಇರಬಹುದು. ಇಲ್ಲ, ಹಾಗಲ್ಲ ಎಂದು ಅವನು ತನಗೇ ಸಮಾಧಾನ ಹೇಳಿಕೊಂಡ. ಆ ಪದ ತಲೆಯ ಕಡೆ ಇರುತ್ತದೆ, ತಾನು ಕೊಟ್ಟಿದ್ದು ಬಾಲ. ಸಮಾಧಾನ ಒಂದು ಉಸಿರಿನಷ್ಟು ಹೊತ್ತು ಉಳಿಯಿತು. ಅಷ್ಟರಲ್ಲಿ ಒಂಬತ್ತನೆಯ ಪದ ತಾನಾಗಿಯೇ ಬಂದು ನಿಂತಿತು.

ಅವನು ಎದ್ದು ಹಿಂದಿನ ಕಪಾಟಿನ ಮೂರನೇ ಸಾಲಿಗೆ ಕೈ ಹಾಕಿದ. ಅಜ್ಜಿಯ ಸಕ್ಕರೆ ಕಾಯಿಲೆಯ ಮಾತ್ರೆಯ ಡಬ್ಬ. ಅದರೊಳಗೆ ನಿನ್ನೆ ತಾನು ಕತ್ತರಿಸಿ ಉಳಿಸಿಕೊಂಡ ಅರ್ಧ ಪಟ್ಟಿ. ಹೆಸರನ್ನು ಬೆರಳಿಟ್ಟು ಓದಿದ. ಗ್ಲಿಮೆಪಿರೈಡ್. ಜಿ, ಎಲ್, ಐ, ಎಂ, ಇ, ಆಮೇಲೆ ಪಿ, ಐ, ಆರ್. ಹೆಸರು ಪಟ್ಟಿಯ ತುಂಬ ಓರೆಯಾಗಿ ಮತ್ತೆ ಮತ್ತೆ ಅಚ್ಚಾಗಿತ್ತು, ತಲೆಯಿಂದ ಬಾಲದವರೆಗೂ. ಅವನ ಕತ್ತರಿ ಅಂಥದೇ ಒಂದು ಹೆಸರನ್ನು ನಡುವೆ ಸೀಳಿಕೊಂಡು ಹೋಗಿತ್ತು.

ಚಿಕ್ಕದು ಅನ್ಸುತ್ತಪ್ಪ. ಬೆಳಗ್ಗೆ ತಗೊಳ್ಳೋದು.

ಸಕ್ಕರೆ ಮಾತ್ರೆಯೇ ಚಿಕ್ಕದು. ಬೆಳಿಗ್ಗೆ ತಿಂಡಿಗೆ ಮುಂಚೆ ತೆಗೆದುಕೊಳ್ಳುವುದೂ ಅದೇ. ಆಸ್ಪಿರಿನ್ ದೊಡ್ಡದು, ಮಧ್ಯಾಹ್ನ ಊಟವಾದ ಮೇಲಿನದು. ಓದುಬರಹ ಬಾರದ ಆ ಹೆಂಗಸು ಎಂಟು ವರ್ಷದಿಂದ ಒಂದು ದಿನವೂ ಅದಲುಬದಲು ಮಾಡದೆ ಗಾತ್ರ ನೋಡಿ, ಹೊತ್ತು ನೋಡಿ ಮಾತ್ರೆ ತೆಗೆದುಕೊಂಡಿದ್ದಳು. ಆ ಮಾತ್ರೆ ಮಗುವಿನ ಹೊಟ್ಟೆಗೆ ಹೋದರೆ ಏನಾಗುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೊದಲ ಒಂದೆರಡು ಗಂಟೆ ಏನೂ ಆಗುವುದಿಲ್ಲ, ಮಗು ಆಡಿಕೊಂಡೇ ಇರುತ್ತದೆ. ಆಮೇಲೆ ಮೈಯ ಸಕ್ಕರೆ ಒಂದೇ ಸಮನೆ ಇಳಿಯುತ್ತದೆ. ಬೆವರು ಬರುತ್ತದೆ, ಮಂಪರು ಬರುತ್ತದೆ, ಮಗು ಮಲಗುತ್ತದೆ. ಮಲಗಿದೆ ಎಂದೇ ಮನೆಯವರು ತಿಳಿದುಕೊಳ್ಳುತ್ತಾರೆ.

ಗಡಿಯಾರ ಒಂದೂವರೆ ತೋರಿಸುತ್ತಿತ್ತು. ಗ್ಲೂಕೋಸ್ ಪುಡಿಯ ಪೊಟ್ಟಣವೊಂದನ್ನು ಎಳೆದುಕೊಂಡು, ಕ್ಷೌರದವನಿಗೆ ಏನನ್ನೂ ಹೇಳದೆ ಮೆಟ್ಟಿಲಿಳಿದು ಓಡಿದ. ಐವತ್ತೆರಡರ ವಯಸ್ಸು, ಕಾಲಲ್ಲಿ ಹವಾಯಿ ಚಪ್ಪಲಿ. ಎರಡನೇ ಅಡ್ಡರಸ್ತೆಯಲ್ಲಿ ಒಂದು ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಎರಡನ್ನೂ ಅಲ್ಲೇ ಬಿಟ್ಟ. ಓಡುತ್ತ ಅವನು ಹಿಂದೆಂದೂ ಬೇಡದ ಒಂದನ್ನು ಬೇಡಿಕೊಳ್ಳುತ್ತಿದ್ದ. ತನ್ನ ಈಗಿನ ಲೆಕ್ಕ ತಪ್ಪಾಗಿರಲಿ ಎಂದಲ್ಲ, ಅಜ್ಜಿ ತಪ್ಪಾಗಿರಲಿ ಎಂದು. ಅದು ಅವನಿಗೆ ಆಗಲೇ ಅರಿವಾಯಿತು, ನಾಚಿಕೆಯೂ ಆಯಿತು. ಆದರೂ ಬೇಡಿಕೊಳ್ಳುವುದನ್ನು ನಿಲ್ಲಿಸಲಾಗಲಿಲ್ಲ.

ಬೀಗದವನ ಮನೆ ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿ. ಬೀಗದವನು ಅಂಗಡಿಗೆ ಹೋಗಿಬಿಟ್ಟಿದ್ದ. ಬಾಗಿಲು ತೆರೆದ ಸೊಸೆ ತುಟಿಯ ಮೇಲೆ ಬೆರಳಿಟ್ಟಳು.

‘ಈಗ ತಾನೇ ಮಲಗಿದ್ದಾನೆ ಅಣ್ಣ. ಅತ್ತು ಅತ್ತು ಸುಸ್ತಾಗಿತ್ತು. ಎಬ್ಬಿಸ್ಬೇಡಿ.’

ಅವನು ಅವಳನ್ನು ಸರಿಸಿಕೊಂಡೇ ಒಳಗೆ ನುಗ್ಗಿದ. ಮಗು ಚಾಪೆಯ ಮೇಲೆ, ಫ್ಯಾನಿನ ಕೆಳಗೆ, ಅಂಗಾತ ಮಲಗಿತ್ತು. ಫ್ಯಾನು ಜೋರಾಗಿ ತಿರುಗುತ್ತಿದ್ದರೂ ಅಂಗಿಯ ಕೊರಳಪಟ್ಟಿ ಒದ್ದೆಯಾಗಿತ್ತು. ಹಣೆ ಮುಟ್ಟಿದರೆ ತಣ್ಣಗೆ, ಅಂಟಂಟು. ಪುಟ್ಟಾ ಎಂದು ಕರೆದ, ಕೆನ್ನೆ ತಟ್ಟಿದ, ಅಂಗಾಲು ಚಿವುಟಿದ. ರೆಪ್ಪೆ ಅರ್ಧ ತೆರೆದು ಮತ್ತೆ ಮುಚ್ಚಿಕೊಂಡಿತು.

‘ಡಬ್ಬಿ. ಮಾತ್ರೆ ಡಬ್ಬಿ ಎಲ್ಲಿ?’ ಎಂದು ಅವನು ಕೇಳುವುದಕ್ಕೆ ಮುಂಚೆಯೇ ಅಜ್ಜಿ ಅದನ್ನು ಹಿಡಿದು ಅವನ ಹಿಂದೆ ನಿಂತಿದ್ದಳು. ಮುಚ್ಚಳ ತೆಗೆದ. ಒಳಗೆ ಒಂದೇ ತುಂಡು. ದೊಡ್ಡ ಮಾತ್ರೆ, ಐದಕ್ಕೆ ಐದೂ ಇದ್ದವು. ಚಿಕ್ಕದು ಇರಲಿಲ್ಲ. ಅವನು ತಲೆಯೆತ್ತಿ ಅಜ್ಜಿಯನ್ನು ನೋಡಿದ. ನಾನು ಹೇಳಲಿಲ್ಲವೇ ಎಂಬ ಮಾತನ್ನು ಅವಳು ಆಡಬಹುದಿತ್ತು. ಆಡಲಿಲ್ಲ.

ಮಂಪರಿನಲ್ಲಿರುವ ಮಗುವಿನ ಬಾಯಿಗೆ ನೀರು ಹೊಯ್ಯಬಾರದು, ಶ್ವಾಸಕ್ಕೆ ಹೋಗುತ್ತದೆ. ಅಷ್ಟು ಜ್ಞಾನ ಅವನಲ್ಲಿ ಇನ್ನೂ ಉಳಿದಿತ್ತು. ಗ್ಲೂಕೋಸ್ ಪುಡಿಯನ್ನು ಒದ್ದೆ ಬೆರಳಿಗೆ ಅಂಟಿಸಿಕೊಂಡು ಮಗುವಿನ ವಸಡಿಗೆ ಉಜ್ಜಿದ. ಏನು ಮಾಡುತ್ತಿದ್ದೀರಿ, ಏನಾಯಿತು ಎಂದು ಸೊಸೆ ಅವನ ತೋಳು ಹಿಡಿದು ಜಗ್ಗುತ್ತಿದ್ದಳು. ಅದು ಸಕ್ಕರೆ ಮಾತ್ರೆ ಎಂದಷ್ಟೇ ಹೇಳಿ ಅವನು ಮಗುವನ್ನು ಎತ್ತಿಕೊಂಡ. ಮೂರು ಮಹಡಿ ಇಳಿಯುವಾಗ ಕೈಯಲ್ಲಿದ್ದ ಭಾರ ಮಗುವಿನದು ಎಂದು ಅನ್ನಿಸಲಿಲ್ಲ, ಅಷ್ಟು ಜೋತುಬಿದ್ದಿತ್ತು. ಬರಿಗಾಲಲ್ಲಿ, ಒಂದು ಕೈಯ ಬೆರಳು ಮಗುವಿನ ಬಾಯಲ್ಲಿಟ್ಟುಕೊಂಡೇ, ಅವನು ಬಂದ ದಾರಿಯಲ್ಲಿ ವಾಪಸ್ ಓಡಿದ. ಮಾರುಕಟ್ಟೆ ಬೀದಿಯಲ್ಲಿ ಕ್ಷೌರದವನು ನಡುರಸ್ತೆಗೆ ಇಳಿದು ಎರಡೂ ಕೈ ಚಾಚಿ ಗಾಡಿಗಳನ್ನು ತಡೆದ.

ಡಾಕ್ಟರಮ್ಮ ಮಗುವಿನ ಬೆರಳು ಚುಚ್ಚಿ ಮೀಟರಿಗೆ ರಕ್ತ ಹಚ್ಚಿದರು. ಅದರಲ್ಲಿ ಬಂದ ಅಂಕಿ ನೋಡಿ ಅವರ ಮುಖ ಬಿಗಿಯಿತು. ಅವನ ಕಡೆ ಒಂದೇ ಸಲ ತಿರುಗಿದರು.

‘ನೀವು ಆಸ್ಪಿರಿನ್ ಅಂದ್ರಿ.’

‘ಹೌದು,’ ಅಂದ.

ಅದಕ್ಕಿಂತ ಹೆಚ್ಚಿಗೆ ಆಡಲು ಯಾರಿಗೂ ಪುರುಸೊತ್ತಿರಲಿಲ್ಲ. ನರ ಸಿಗಲಿಲ್ಲ, ಎರಡು ಸಲ ಚುಚ್ಚಿ ತಪ್ಪಿ ಮೂರನೇ ಸಲಕ್ಕೆ ಸಿಕ್ಕಿತು. ಸಕ್ಕರೆ ನೀರು ಹನಿಹನಿಯಾಗಿ ಇಳಿಯತೊಡಗಿತು. ಡಿಕ್ಷನರಿ ಬಾಟಲಿಯನ್ನು ಎತ್ತಿ ಹಿಡಿದು ನಿಂತಿದ್ದ. ಹನಿ ಎಣಿಸಿದ. ನಲವತ್ತು, ಎಂಬತ್ತು, ನೂರಿಪ್ಪತ್ತು. ಮಗು ಅಲುಗಲಿಲ್ಲ. ತಾಯಿ ಮೇಜಿನ ಅಂಚು ಹಿಡಿದು ಕುಸಿದು ಕೂತಿದ್ದಳು. ನೂರೆಪ್ಪತ್ತರ ಆಸುಪಾಸಿನಲ್ಲಿ ಮಗು ಮೊದಲು ಕಾಲು ಒದರಿತು, ಆಮೇಲೆ ಬಾಯಿ ತೆರೆದು ಕರ್ಕಶವಾಗಿ ಅತ್ತಿತು. ಅಷ್ಟು ಒಳ್ಳೆಯ ಶಬ್ದವನ್ನು ಅವನು ಜನ್ಮದಲ್ಲಿ ಕೇಳಿರಲಿಲ್ಲ. ನರ್ಸ್ ಬಂದು ಬಾಟಲಿಯನ್ನು ಅವನ ಕೈಯಿಂದ ತೆಗೆದುಕೊಂಡಳು. ಆ ಮಾತ್ರೆ ಒಂದೇ ಸಲಕ್ಕೆ ಬಿಡುವಂಥದಲ್ಲ, ಮತ್ತೆ ಮತ್ತೆ ಸಕ್ಕರೆ ಇಳಿಸುತ್ತದೆ ಎಂದು ಡಾಕ್ಟರಮ್ಮ ಆಂಬುಲೆನ್ಸ್ ಕರೆಸಿ ದೊಡ್ಡಾಸ್ಪತ್ರೆಗೆ ಕಳಿಸಿದರು. ಎರಡು ದಿನ ಅಲ್ಲಿಟ್ಟುಕೊಂಡು ಮೂರನೇ ದಿನ ಮನೆಗೆ ಬಿಟ್ಟರು. ಮಗುವಿಗೆ ಯಾವ ಊನವೂ ಆಗಿರಲಿಲ್ಲ.

ಬೀದಿ ತನ್ನ ತೀರ್ಪು ಕೊಟ್ಟಿತು. ಡಿಕ್ಷನರಿ ಮಗುವನ್ನು ಉಳಿಸಿದ. ಬರಿಗಾಲಲ್ಲಿ ಓಡಿದ್ದು, ವಸಡಿಗೆ ಸಕ್ಕರೆ ಉಜ್ಜಿದ್ದು, ಅಂಗಡಿ ತೆರೆದಿಟ್ಟೇ ಹೋಗಿದ್ದು, ಇವೇ ಎಲ್ಲರ ಬಾಯಲ್ಲಿ. ಮೊದಲು ತಪ್ಪು ಹೇಳಿದ್ದನ್ನು ಯಾರೂ ಮುಚ್ಚಿಡಲಿಲ್ಲ, ಆದರೆ ಅದು ಕೂಡ ಅವನ ಹೆಗ್ಗಳಿಕೆಗೇ ಸೇರಿತು: ಬೇರೆ ಯಾರಾದರೂ ಆಗಿದ್ದರೆ ಅಷ್ಟಕ್ಕೇ ಬಿಡುತ್ತಿದ್ದರು, ಇವನು ಬಿಡದೆ ಯೋಚನೆ ಮಾಡಿದನಲ್ಲ ಎಂದು. ಬೀಗದವನು ಅಂಗಡಿಗೆ ಬಂದು, ಕೇಳದೆಯೇ, ಶಟರಿನ ಹಳೆಯ ಬೀಗ ಬಿಚ್ಚಿ ಹೊಸದು ಹಾಕಿಕೊಟ್ಟು ಹೋದ.

ಡಿಕ್ಷನರಿ ಎಲ್ಲವನ್ನೂ ಕೇಳಿಸಿಕೊಂಡು ಸುಮ್ಮನಿದ್ದ. ಪತ್ರಿಕೆ ಮಡಿಸಿದ್ದು ಮಡಿಸಿದಂತೆಯೇ ಬಿದ್ದಿರುತ್ತಿತ್ತು. ಊಟ ಸೇರುತ್ತಿರಲಿಲ್ಲ. ಹೆಂಡತಿ ಒಂದು ದಿನ, ಅಲ್ಲ, ಆ ಅಜ್ಜಿಗೆ ತನ್ನ ಮಾತ್ರೆ ಯಾವುದೆಂದು ತಾನೇ ಗೊತ್ತಿರಬೇಕಲ್ಲ, ಅವರು ಏನೂ ಹೇಳಲಿಲ್ಲವೇ ಎಂದು ಕೇಳಿದಳು. ಇಲ್ಲ ಅಂದ. ಅಂದ ಮೇಲೆ ಆ ಒಂದು ಪದ ಎದೆಯಲ್ಲಿ ಮುಳ್ಳಾಗಿ ಕೂತಿತು. ಅಜ್ಜಿಯ ಮಾತು ಕೇಳಿಸಿದ್ದು ಅವನಿಗೊಬ್ಬನಿಗೆ. ಅವನು ಬಾಯಿ ಬಿಡದಿದ್ದರೆ ಅದು ಆಡಿದ ಮಾತೇ ಅಲ್ಲ.

ಆರನೇ ದಿನ ಬೆಳಿಗ್ಗೆ ಅಂಗಡಿಯ ಮುಂದೆ ಐದಾರು ಜನ ನಿಂತಿದ್ದಾಗ ಅಜ್ಜಿ ಬಂದಳು. ಎಂದಿನಂತೆ ಗಿರಾಕಿಗಳು ಕರಗುವವರೆಗೆ ಪಕ್ಕದಲ್ಲಿ ಕಾದು ನಿಲ್ಲಲಿಲ್ಲ. ಜನರ ನಡುವೆಯೇ ದಾರಿ ಮಾಡಿಕೊಂಡು ಕೌಂಟರಿನ ಗಾಜಿನ ಮೇಲೆ ಎರಡೂ ಕೈ ಊರಿದಳು. ಆರು ದಿನಕ್ಕೆ ಆರು ವರ್ಷ ವಯಸ್ಸಾದಂತೆ ಕಂಡಳು. ಮಾತ್ರೆ ಕಟ್ಟಿಕೊಡಲೇ ಎಂದು ಡಿಕ್ಷನರಿ ಕೇಳಿದ. ಬೇಡ ಎಂದು ತಲೆಯಾಡಿಸಿದಳು.

‘ಒಂದು ಕೇಳ್ಬೇಕಿತ್ತಪ್ಪ. ಆವತ್ತು ನಾನು ನಿಂಗೆ ಹೇಳಿದ್ನಲ್ವಾ, ಚಿಕ್ಕದು ಅಂತ? ಇಲ್ಲಾ, ಹೇಳಿದೆ ಅಂತ ನಂಗೇ ಭ್ರಮೆನಾ? ಮನೇಲಿ ಹೇಳಿದ್ರೆ, ಈಗ ಸುಳ್ಳು ಕಟ್ತಿದ್ದೀರಾ ಅಂತಾಳೆ ಸೊಸೆ. ಹೇಳಿದ್ರೆ ಅವರು ಕೇಳ್ತಿರ್ಲಿಲ್ವಾ ಅಂತಾನೆ ಮಗ. ಮಗೂನ ನನ್ ಕೈಗೆ ಕೊಡಲ್ಲ. ಕೇಳೀ ಕೇಳೀ ನಂಗೇ ಅನುಮಾನ ಬಂದ್ಬಿಟ್ಟಿದೆ.’

ಅವಳ ದನಿಯಲ್ಲಿ ಆಪಾದನೆ ಇರಲಿಲ್ಲ. ಅದೇ ಅವನಿಗೆ ತಡೆಯಲಾಗದ್ದು. ಅವಳು ನಿಜಕ್ಕೂ ತಿಳಿದುಕೊಳ್ಳಲು ಬಂದಿದ್ದಳು. ಕೌಂಟರಿನ ಸುತ್ತ ನಿಂತವರು ಮಾತು ನಿಲ್ಲಿಸಿ ಇವನ ಮುಖ ನೋಡುತ್ತಿದ್ದರು. ಕ್ಷೌರದವನೂ ಕತ್ತರಿ ಹಿಡಿದುಕೊಂಡೇ ತನ್ನ ಬಾಗಿಲಿಗೆ ಬಂದು ನಿಂತಿದ್ದ. ಆ ಗಲಾಟೆಯಲ್ಲಿ ನೆನಪಿಲ್ಲ ಅಜ್ಜಿ ಎಂದರೆ ಮುಗಿಯುತ್ತಿತ್ತು. ಯಾರೂ ಅದನ್ನು ಸುಳ್ಳು ಅನ್ನುತ್ತಿರಲಿಲ್ಲ. ಅಜ್ಜಿಯೇ ನಂಬುತ್ತಿದ್ದಳು, ತನಗೆ ವಯಸ್ಸಾಯಿತು ಎಂದುಕೊಂಡು ಮನೆಗೆ ಹೋಗಿ ಮೂಲೆ ಸೇರುತ್ತಿದ್ದಳು. ಡಿಕ್ಷನರಿಯ ನಾಲಿಗೆಯ ತುದಿಗೆ ಆ ಮಾತು ಬಂದಿತ್ತು ಕೂಡ. ಅಪ್ಪ ಅಂಕಪಟ್ಟಿ ಓದಿದ ದಿನ ನೆಂಟರೆಲ್ಲ ತನ್ನನ್ನು ನೋಡಿದ್ದರಲ್ಲ, ಅದೇ ನೋಟ ಮತ್ತೆ ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ಅವನಿಗೆ ಭಯವಾಯಿತು, ಚಿಕ್ಕ ಹುಡುಗನಿಗೆ ಆಗುವಷ್ಟೇ ಭಯ.

‘ಹೇಳಿದ್ರಿ ಅಜ್ಜಿ,’ ಅಂದ. ಆಮೇಲೆ ಎಲ್ಲರಿಗೂ ಕೇಳುವಂತೆ ಮತ್ತೆ ಹೇಳಿದ. ‘ನೀವು ಹೇಳಿದ್ರಿ. ಚಿಕ್ಕದು, ಬೆಳಗ್ಗೆ ತಗೊಳ್ಳೋದು ಅಂತ ಸರಿಯಾಗೇ ಹೇಳಿದ್ರಿ. ನಾನು ನಿಮ್ಮ ಬಾಯಿ ಮುಚ್ಚಿಸ್ದೆ.’

ಅಜ್ಜಿ ಗಾಜಿನ ಮೇಲಿಂದ ಕೈ ತೆಗೆದಳು. ಅಳಲಿಲ್ಲ, ಬಯ್ಯಲೂ ಇಲ್ಲ. ಸೆರಗು ಸರಿಮಾಡಿಕೊಂಡಳು.

‘ಹಾಗಿದ್ರೆ ಬಾ. ನಮ್ಮನೇಲಿ ಬಂದು ಹೇಳು.’

ಗಿರಾಕಿಗಳನ್ನು ಹಾಗೆಯೇ ಬಿಟ್ಟು ಅವನು ಶಟರ್ ಅರ್ಧ ಎಳೆದ. ಬೀದಿಯುದ್ದಕ್ಕೂ ಅಜ್ಜಿ ಮುಂದೆ, ಅವನು ಎರಡು ಹೆಜ್ಜೆ ಹಿಂದೆ. ಮೂರು ಮಹಡಿಯ ಮೆಟ್ಟಿಲನ್ನು ಅವಳು ಗೋಡೆ ಹಿಡಿದು ನಿಂತು ನಿಂತು ಹತ್ತಿದಳು. ಕೈಕೊಡಲು ಅವನಿಗೆ ಧೈರ್ಯವಾಗಲಿಲ್ಲ.

ಬೀಗದವನು ಅಂಗಡಿಗೆ ಹೊರಡುವುದರಲ್ಲಿದ್ದ. ಇವನನ್ನು ಕಂಡು ಮುಖ ಅರಳಿಸಿ ಕುರ್ಚಿ ಎಳೆದ. ಡಿಕ್ಷನರಿ ಕೂರಲಿಲ್ಲ. ಬಾಗಿಲ ಹತ್ತಿರವೇ, ಅಂದು ಕ್ಲಿನಿಕ್ಕಿನಲ್ಲಿ ಅಜ್ಜಿ ನಿಂತಿದ್ದಂಥ ಜಾಗದಲ್ಲೇ ನಿಂತು, ಇದ್ದದ್ದನ್ನು ಇದ್ದಂತೆ ಹೇಳಿದ. ಅಜ್ಜಿ ತೋಳು ಮುಟ್ಟಿದ್ದು, ಅವರು ಆಡಿದ ಮಾತು, ತಾನು ಕೊಟ್ಟ ಉತ್ತರ, ಅಕ್ಷರ ಬಾರದವರ ಮುಖಕ್ಕೆ ಹಾಳೆ ಹಿಡಿದದ್ದು. ತಾನು ಆ ಮಾತು ಕೇಳಿದ್ದರೆ ಮಗು ಮಲಗುವ ಮೊದಲೇ ಆಸ್ಪತ್ರೆಯಲ್ಲಿ ಇರುತ್ತಿತ್ತು ಎಂಬುದನ್ನೂ ಬಿಡದೆ ಹೇಳಿದ. ಬೀಗದವನ ಮುಖದ ಅರಳು ಮೆಲ್ಲಗೆ ಬಾಡಿತು. ಅವನು ಕುರ್ಚಿಯ ಬೆನ್ನು ಹಿಡಿದುಕೊಂಡು ನೆಲ ನೋಡಿದ.

ಸೊಸೆ ಒಳಬಾಗಿಲಲ್ಲಿ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಪೂರ್ತಿ ಕೇಳಿಸಿಕೊಂಡಳು. ಡಿಕ್ಷನರಿಗೆ ಕೂತುಕೊಳ್ಳಿ ಎಂದೂ ಹೇಳಲಿಲ್ಲ, ಹೋಗಿ ಎಂದೂ ಹೇಳಲಿಲ್ಲ. ಅವನು ಅಲ್ಲಿ ಇರುವುದನ್ನೇ ಕಾಣದವಳಂತೆ ಕೋಣೆ ದಾಟಿ ಬಂದಳು. ಏದುಸಿರು ಬಿಡುತ್ತ ಚಾಪೆಯ ಮೇಲೆ ಕುಸಿದಿದ್ದ ಅತ್ತೆಯ ಮುಂದೆ ಕೂತು, ಮಗುವನ್ನು ಸೊಂಟದಿಂದ ಇಳಿಸಿ ಅವಳ ಮಡಿಲಿಗೆ ಹಾಕಿದಳು.

‘ಇವನ ಊಟ ತರ್ತೀನಿ ಅತ್ತೆ,’ ಅಂದಳು. ‘ನೀವೇ ತಿನ್ಸಿ.’